ಕಾಫಿ ಕಣದ ರೈಟ್ ವಿಂಗ್

ನಾನು ಹಾಕಿ ಆಟ ಕಲಿತದ್ದು ಹೊಂಗಡಹಳ್ಳದ ಎಸ್ಟೇಟೊಂದರ ಸಿಮೆಂಟ್ ಕಣದಲ್ಲಿ. ನಾನು ರೈಟ್ ವಿಂಗ್ ಆಟಗಾರ, ಬಲ ಅಂಚಿನ ಗೆರೆಗುಂಟ ಓಡುವವನು. ನನ್ನ ಅಂಚಿನಾಚೆಗೇ ಕಾಫಿ ಒಣಗುತ್ತಿತ್ತು. “ಕಾಫಿ ತುಳಿದ್ರೆ ಕಾಲ್ ಮುರಿದ್ಬುಡ್ತೀನಿ ಕಣೋ,” ಎಂದು ಎಸ್ಟೇಟಿನ ಲೆಕ್ಕ, ಆಳುಕಾಳು ನೋಡಿಕೊಳ್ಳುವ ರೈಟರ್ ದೊಣ್ಣೆ ಹಿಡಿದು ನಿಂತಿರುತ್ತಿದ್ದ.

ತೊಂಬತ್ತರ ದಶಕದಲ್ಲಿ, ಆಟಗಾರರಿಗೆ ಕೆಲಸ ಕೊಡುವ ತಂಡವೊಂದರ ಆಯ್ಕೆಗೆ ಹಾಸನಕ್ಕೆ ಹೋದೆ. ಮೂರು ಸಲ ಚೆಂಡು ಸಿಕ್ಕಿತು. ಮೂರು ಸಲವೂ ಗೆರೆ ಹತ್ತಿರವಾಗುತ್ತಲೇ ಒಳಕ್ಕೆ ತಿರುಗಿ ಎದುರಾಳಿಯ ಸ್ಟಿಕ್ಕಿಗೇ ಕೊಟ್ಟೆ.

“ಅಂಚು ಖಾಲಿ ಬಿದ್ದೈತಲ್ಲೋ! ಇನ್ನೊಂದ್ಸಲ ಒಳಕ್ಕೆ ತಿರುಗಿದ್ರೆ ಹಂಗೇ ಬಸ್ ಹತ್ತು,” ಎಂದು ಕೋಚ್ ಕಿರುಚಿದರು.

ನಾಲ್ಕನೆಯ ಚೆಂಡಿಗೆ ಹಲ್ಲು ಕಚ್ಚಿ ಗೆರೆಗುಂಟ ನುಗ್ಗಿದೆ. ಕಾಲಡಿ ಕಾಫಿ ಚಿಟಚಿಟ ಎಂದಂತಾಯಿತು. ನಿಲ್ಲಲಿಲ್ಲ. ಗೋಲಾಯಿತು.

ಹನ್ನೆರಡು ವರ್ಷ ಆ ತಂಡಕ್ಕೆ ಆಡಿದೆ. ನನ್ನ ಓಟವನ್ನು ಎಲ್ಲರೂ ಹೊಗಳಿದರು. ದೊಣ್ಣೆ ಹಿಡಿದ ರೈಟರ್ ಬೆನ್ನಟ್ಟಿ ಬರುತ್ತಿದ್ದುದು ನನಗೊಬ್ಬನಿಗೇ ಗೊತ್ತಿತ್ತು.