ತೊಟ್ಟಿಲಿಗೆ ಮೊದಲೇ ಹೊರಬಿದ್ದ ಹೆಸರು

ಮಗಳು ಹುಟ್ಟಿದಾಗ ಬಾಣಂತನಕ್ಕೆಂದು ನಾನು ಮುನವಳ್ಳಿಯ ತವರಿನಲ್ಲಿದ್ದೆ. ಗಂಡ ಬೈಲಹೊಂಗಲದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರು. ಭಾನುವಾರ ಬಿಟ್ಟರೆ ಮಗಳ ಮುಖ ಕಾಣುವ ಭಾಗ್ಯ ಅವರಿಗಿರಲಿಲ್ಲ. ಅದಕ್ಕೆ ಇಬ್ಬರ ಫೋನಿಗೂ ಒಂದು ಆ್ಯಪ್ ಹಾಕಿದರು. ಕೂಸು ಕುಡಿದದ್ದು, ಮಲಗಿದ್ದು, ಒದ್ದೆ ಮಾಡಿಕೊಂಡದ್ದು ಎಲ್ಲವನ್ನೂ ನಾನು ಅದರಲ್ಲಿ ತುಂಬಬೇಕು. ಅವರು ಸ್ಟಾಫ್ ರೂಮಿನಲ್ಲಿ ಕೂತು ಗ್ರಾಫ್ ನೋಡಬೇಕು.

“ಇವತ್ತ ಮಧ್ಯಾಹ್ನದ ನಿದ್ದಿ ಯಾಕ ಇಳದೈತಿ?” ಎಂದು ಫೋನು ಮಾಡುತ್ತಿದ್ದರು, ಶೇರುಪೇಟೆಯವರ ಹಾಗೆ.

“ನಮ್ಮಪ್ಪ ಸೀನಿದ್ರರಿ. ಎದ್ದಬಿಟ್ಲು.”

ನಮ್ಮಿಬ್ಬರ ನಡುವೆ ಒಂದು ಗುಟ್ಟಿತ್ತು. ಮಗಳಿಗೆ ಹೆಸರು ಆರಿಸಿ, ಆ್ಯಪಿನಲ್ಲಷ್ಟೇ ಬರೆದಿಟ್ಟಿದ್ದೆವು. ಅತ್ತೆಗೆ ತಮ್ಮ ತಾಯಿಯ ಹೆಸರಿಡುವ ಆಸೆ, ನನ್ನವ್ವನಿಗೆ ಗುಡ್ಡದ ದೇವಿಯದು. ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆಯಾದವಳು, ಅಂದರೆ ಗಂಡನ ಅಕ್ಕ, ತೊರಗಲ್ಲಿನ ನನ್ನ ನಾದಿನಿ, ನಾವು ಆರಿಸಿದ್ದನ್ನು ಕೂಸಿನ ಕಿವಿಯಲ್ಲಿ ಹೇಳಿಬಿಟ್ಟರೆ ಮುಗಿಯಿತು, ಆಮೇಲೆ ಯಾರ ತಕರಾರೂ ನಡೆಯದು. ನಾದಿನಿಗೂ ಆ ಹೊತ್ತಿಗೇ ತಿಳಿಸುವುದೆಂದು ಮಾತಾಗಿತ್ತು.

ಒಂದು ಬೆಳಿಗ್ಗೆ ತಲೆಗೆ ನೀರು ಎರೆದುಕೊಂಡು ಬಂದು ಮಲಗಿದ್ದೆ. ನನ್ನ ಫೋನು ರಿಂಗಾಯಿತು. ಅವ್ವ ಎತ್ತಿ, ತನಗೆ ಕೇಳಿಸಲೆಂದು ಸ್ಪೀಕರ್ ಹಾಕಿದಳು. ಬೆಂಗಳೂರು ಕಡೆಯ ಹೆಣ್ಣುದನಿಯೊಂದು ನಮ್ಮ ಗುಟ್ಟಿನ ಹೆಸರನ್ನೇ ಹಿಡಿದು, “ಪಾಪು ಹೇಗಿದ್ದಾಳೆ ಮೇಡಂ?” ಎಂದಿತು.

“ಆ ಹೆಸರಿನವರು ನಮ್ಮ ಮನ್ಯಾಗ ಯಾರೂ ಇಲ್ರಿ. ನಂಬರ್ ತಪ್ಪೈತಿ,” ಎಂದಳು ಅವ್ವ.

ದನಿ ಬಿಡಲಿಲ್ಲ. ನನ್ನ ಹೆಸರು ಹೇಳಿತು, ಹೆರಿಗೆಯಾದ ತಿಂಗಳು ಹೇಳಿತು. ಎದೆಹಾಲು ಸಾಲದೆ ಪಾಪು ಅಳುತ್ತಿದೆಯಲ್ಲವೇ, ನಮ್ಮ ಹಾಲಿನ ಪುಡಿ ಕೊಟ್ಟು ನೋಡಿ ಎಂದಿತು.

“ನೀವು ಯಾರ ಪೈಕಿ ಆಗಬೇಕವ್ವಾ? ಬೀಗರ ಕಡೆಯವರೇನು?”

“ಅಲ್ಲಮ್ಮ, ಕಂಪನಿಯಿಂದ.”

“ಕಂಪನಿಗೆ ನನ್ನ ಮೊಮ್ಮಗಳ ಹೆಸರು ಹೇಳಿದವರು ಯಾರು? ನನಗ ಇನ್ನೂ ಹೇಳಿಲ್ಲ!”

ಫೋನು ಕಟ್ಟಾಯಿತು. ನಾನು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡೆ.

“ಏಳು. ಪುಡಿ ಮಾರಾಕಿಗೆ ಗೊತ್ತಿದ್ದದ್ದು ನಿನ್ನ ಹಡದಾಕಿಗೆ ಗೊತ್ತಿರಬಾರದೇನು?” ಎಂದ ಅವ್ವ, ಆಮೇಲೆ ದನಿ ಇಳಿಸಿದಳು. “ಹಾಲು ಸಾಲವಲ್ದಂತ ನನಗ ಯಾಕ ಹೇಳಲಿಲ್ಲ?”

ನನಗೆ ಚುಚ್ಚಿದ್ದು ಅದೇ. ಆ ಅಳುಕನ್ನು ಯಾರ ಮುಂದೆಯೂ ಆಡಲಾರದೆ ಆ್ಯಪಿನೊಳಗೆ ಬರೆದಿದ್ದೆ. ಅದು ಎಲ್ಲಿಗೋ ಹೋಗಿ, ಮಾರಾಟದ ಮಾತಾಗಿ ಮನೆಗೆ ಬಂದಿತ್ತು. ಮಧ್ಯಾಹ್ನದಿಂದಲೇ ನನ್ನ ತಾಟಿಗೆ ಹಾಲು ಹೆಚ್ಚಿಸುವ ಸಬ್ಬಸಿಗೆ ಪಲ್ಯ, ಅಳವಿ ಬೀಜದ ಪಾಯಸ ಬೀಳತೊಡಗಿದವು.

ಭಾನುವಾರ ಗಂಡ ಬಂದರು. ಅವ್ವ ಚಹಾ ಕೊಟ್ಟಳು, ಮುಖ ಕೊಡಲಿಲ್ಲ. ಇಬ್ಬರೂ ಕೂತು ಆ್ಯಪಿನ ಸೆಟ್ಟಿಂಗುಗಳನ್ನು ಹುಡುಕಿದೆವು. ನಾವು ತುಂಬಿದ್ದನ್ನೆಲ್ಲ ತನ್ನ ‘ಪಾಲುದಾರ’ರಿಗೆ ಕೊಡಬಹುದೆಂದು ನಮ್ಮದೇ ಒಪ್ಪಿಗೆ ಇತ್ತು. ಒಪ್ಪಿದವರು, ಪ್ರಶ್ನೆ ಪೂರ್ತಿ ಓದದೆ ಉತ್ತರ ಬರೆಯುವ ಹುಡುಗರ ಕಿವಿ ಹಿಂಡುವ ನನ್ನ ಮಾಸ್ತರರೇ.

“ಭಾಳ ಉದ್ದ ಇತ್ತು ಅದು,” ಎಂದರು, ಹುಡುಗರ ದನಿಯಲ್ಲೇ.

ಒಪ್ಪಿಗೆ ಹಿಂತೆಗೆದು, ಖಾತೆ ಅಳಿಸಿದೆವು. ಗ್ರಾಫ್ ಇಲ್ಲವಾದ ಮೇಲೆ ಅವರು ಬುಧವಾರವೂ ಸಾಲಿ ಬಿಟ್ಟೊಡನೆ ಬಸ್ಸು ಹಿಡಿದು ಬರತೊಡಗಿದರು. ಅಂಥ ಒಂದು ಬುಧವಾರ ಕೂಸು ಅವರ ಅಂಗಿ ತೋಯಿಸಿತು. ಕುರ್ಚಿಯಿಂದ ಏಳದೆ ಹಾಗೇ ಕೂತಿದ್ದರು.

ಅಷ್ಟರಲ್ಲಿ ಅವ್ವನ ಹೊಟ್ಟೆಯಲ್ಲಿ ಸುದ್ದಿ ನಿಲ್ಲದೆ ತೊರಗಲ್ಲಿಗೂ ಮುಟ್ಟಿತ್ತು. ನಾದಿನಿ ಫೋನಿನಲ್ಲೇ ತಮ್ಮನನ್ನು ತರಾಟೆಗೆ ತೆಗೆದುಕೊಂಡಳು. “ಕಂಪನಿಯವರು ಕರದು ಬಿಟ್ಟ ಹೆಸರು ನಾ ಕಿವ್ಯಾಗ ಹೇಳಂಗಿಲ್ಲ ತಮ್ಮಾ. ಹೊಸಾದು ಹುಡುಕು.”

ಹುಡುಕಿದೆವು. ತೊಟ್ಟಿಲಿನ ದಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲು ಮುಚ್ಚಿ ನಾದಿನಿಗೆ ಪಿಸುಗುಟ್ಟಿದೆವು. ಅವಳು ತೊಟ್ಟಿಲಿಗೆ ಬಾಗಿ ಅದನ್ನು ಹೇಳುತ್ತಿದ್ದಂತೆ, ಪದ್ಧತಿಯಂತೆ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಿದರು.

“ಸಾಕ್ರವ್ವಾ, ಕೂಸು ಅಂಜತೈತಿ!” ಎಂದು ಅವಳು ನಗುತ್ತಾ ಕೂಗಿದಳು.

ಸಂಜೆಯ ಹೊತ್ತಿಗೆ ಅವ್ವ ಸಕ್ಕರೆಯ ಜೊತೆಗೆ ಹೆಸರನ್ನೂ ಇಡೀ ಓಣಿಗೆ ಹಂಚಿ ಬಂದಿದ್ದಳು.