ತೆರೆಯ ಹಿಂದಿನ ಮಂಗಳ

ಮಂಗಳ ಮಾತಾಡುವಾಗ ಅವಳ ತುಟಿಗಳ ನಡುವೆ ನಾಲ್ಕೈದು ಸೇಫ್ಟಿ ಪಿನ್ನುಗಳು ಇದ್ದೇ ಇರುತ್ತಿದ್ದವು. ಅವನ್ನು ಕಚ್ಚಿಕೊಂಡೇ ರಾಜನಿಗೆ ಪಂಚೆ ಉಡಿಸುತ್ತಿದ್ದಳು, ಸೈನಿಕನ ಮೀಸೆ ತಿದ್ದುತ್ತಿದ್ದಳು, ಹೆದರಿ ಅಳುವವರನ್ನು ಬೈಯುತ್ತಿದ್ದಳು. ಹಲ್ಲು ಬಿಗಿಹಿಡಿದು ಆಡುವ ಆ ಮಾತು ಹೊಸಬರಿಗೆ ಅರ್ಥವಾಗುತ್ತಿರಲಿಲ್ಲ. ನಮಗೋ, ಅವಳಿಂದ ಒಮ್ಮೆ ಬೈಸಿಕೊಳ್ಳದೆ ವೇದಿಕೆ ಹತ್ತಲು ಧೈರ್ಯವೇ ಬರುತ್ತಿರಲಿಲ್ಲ.

ನಾನು ಹೂಗ್ಯ ಎಂಬ ಹಳ್ಳಿಯವಳು. ಕೊಳ್ಳೇಗಾಲದಲ್ಲಿ ಹೈಸ್ಕೂಲು ಸೇರಿ ಹಾಸ್ಟೆಲಿನಲ್ಲಿದ್ದೆ. ಮಂಗಳ ನನ್ನ ತರಗತಿಯವಳೇ. ಅವಳ ಅಪ್ಪ ಮನೆಯಲ್ಲೇ ಮಗ್ಗ ಹಾಕಿಕೊಂಡು ರೇಷ್ಮೆ ಸೀರೆ ನೇಯುತ್ತಿದ್ದರು. ಒಂಬತ್ತನೇ ತರಗತಿಯ ನಾಟಕದಲ್ಲಿ ಮೇಷ್ಟ್ರು ನನಗೆ ರಾಣಿಯ ಪಾತ್ರ ಕೊಟ್ಟರು. ಮಂಡಿಯೂರಿ ಕೂತ ದೂತನಿಗೆ ರಾಣಿ "ಹೋಗಿ ಹೇಳು" ಎನ್ನಬೇಕು. ನನ್ನ ಬಾಯಲ್ಲಿ ಅದು "ಓಗಿ ಏಳು" ಎಂದು ಬಂತು. ದೂತ ತಟ್ಟನೆ ಎದ್ದು ನಿಂತು, "ಎದ್ಬುಟ್ಟೆ ಮಾರಾಣಿ" ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಮೇಷ್ಟ್ರು ನಗಲಿಲ್ಲ. "ಈ ಪಾತ್ರ ಬೇರೆಯವರಿಗೆ ಕೊಡೋಣಮ್ಮ" ಅಂದರು.

ಮಂಗಳ ಬಾಯಿಂದ ಪಿನ್ನು ತೆಗೆದು ಮುಂದೆ ಬಂದಳು. "ಸಾ, ಇವ್ಳು ನಡ್ಕಂಡು ಬರೋ ಥರ ನೋಡಿ. ರಾಣಿನೇ ಬಂದಂಗದೆ. ಅದು ಕಲಿಸಿದ್ರೆ ಬರೋದಲ್ಲ. ಹಕಾರ ಕಲಿಸ್ಬೋದು. ನಂಗೆ ಬುಡಿ."

ಮರುದಿನದಿಂದ ಬಿಸಿಯೂಟದ ಉಗ್ರಾಣವೇ ನಮ್ಮ ಪಾಠಶಾಲೆಯಾಯಿತು. ನಾಟಕದ ಕಿರೀಟ, ಗದೆಗಳೂ ಅಲ್ಲೇ ಅಕ್ಕಿ ಮೂಟೆಗಳ ಮೇಲೆ ಬಿದ್ದಿರುತ್ತಿದ್ದವು. "ಬಾಯ್ಮುಂದೆ ಅಂಗೈ ಇಡು. ಉಸ್ರು ತಾಕ್ತಾ? ತಾಕಿದ್ರೆ ಅದು ಹ" ಅನ್ನುತ್ತಿದ್ದಳು ಮಂಗಳ. ಎರಡು ದಿನದಲ್ಲೇ ನನಗೆ ಬೇಸರ ಬಂತು.

"ಊರಲ್ಲಿ ಇಂಗೆ ಮಾತಾಡುದ್ರೆ ನಮ್ಮವ್ವ ನಗ್ತಾಳೆ ಕಣೇ" ಅಂದೆ.

"ಅವ್ವನತ್ರ ನಿಂಗೆ ಬಂದಂಗೆ ಆಡು. ಅದ್ಯಾಕೆ ಬುಟ್ಟೀಯೆ? ಇದು ರಾಣಿ ಮಾತು. ವೇಷದ ಜೊತೆ ಹಾಕ್ಕೊ, ವೇಷದ ಜೊತೆ ಬಿಚ್ಚಿಡು."

ಅವಳು ಹಾಗಂದ ಮೇಲೆ ನನ್ನ ಮಾತಿನ ಬಗ್ಗೆ ನನಗೆ ಮತ್ತೆಂದೂ ನಾಚಿಕೆಯಾಗಲಿಲ್ಲ.

ಶಾಲೆಗಳ ನಾಟಕ ಸ್ಪರ್ಧೆ ಯಳಂದೂರಿನಲ್ಲಿತ್ತು. ಅಲ್ಲಿ ಬಣ್ಣ ಹಚ್ಚುವ ಕೋಣೆಯಲ್ಲಿ ಮಂಗಳ ತನ್ನ ಚೀಲದಿಂದ ಗಿಣಿಹಸಿರು ಬಣ್ಣದ, ಅಗಲ ಜರಿ ಅಂಚಿನ ಸೀರೆ ತೆಗೆದಾಗ ಎಲ್ಲರೂ ಸುತ್ತ ಮುತ್ತಿಕೊಂಡೆವು. "ಅಪ್ಪ ಕೊಟ್ರು" ಅಂದಳು. ಆ ಸೀರೆಯಲ್ಲಿ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಒಂದು ಹಕಾರವೂ ಬಿದ್ದುಹೋಗಲಿಲ್ಲ. ಆದರೆ ಯುದ್ಧದ ದೃಶ್ಯದಲ್ಲಿ ಸೈನಿಕನೊಬ್ಬನ ತಗಡಿನ ಕತ್ತಿ ಸೆರಗಿಗೆ ಸಿಕ್ಕಿ, ಪರ್‍ರ್ ಎಂದು ಹರಿಯಿತು. ನಾನು ಪಕ್ಕದ ಪರದೆಯತ್ತ ನೋಡಿದೆ. ಮಂಗಳಳ ಮುಖ ಬಿಳಿಚಿಕೊಂಡಿತ್ತು. ಆದರೂ ಕೈ ಬೀಸಿ, ಮುಂದುವರಿಸು ಎಂದು ಸನ್ನೆ ಮಾಡಿದಳು. ಮುಂದುವರಿಸಿದೆ. ನಮಗೆ ಮೊದಲ ಬಹುಮಾನ ಬಂತು.

ವಾಪಸು ಬರುವ ಬಸ್ಸಿನಲ್ಲಿ ನಿಜ ಹೇಳಿದಳು. ಅಪ್ಪ ಕೊಟ್ಟಿರಲಿಲ್ಲ. ಅದು ಯಾರದೋ ಮದುವೆಗೆಂದು ನೇಯ್ದಿಟ್ಟ ಸೀರೆ. "ನೀನು ಬರ್ಬೇಡ, ನಾನೇ ಹೇಳ್ತೀನಿ" ಅಂದಳು. ನಾನು ಬಿಡದೆ ಜೊತೆಗೆ ಹೋದೆ.

ಅವಳ ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದರು. ಮಂಗಳ ಸೀರೆಯನ್ನು ಅವರ ಮುಂದಿಟ್ಟು, "ಕೇಳ್ದೆ ತಕಂಡೋದೆ ಅಪ್ಪಾ. ಹರ್ದೋಯ್ತು" ಅಂದಳು. ಅಳಲಿಲ್ಲ, ನೆಪ ಹೇಳಲಿಲ್ಲ. ಅವರು ಹರಿದ ಕಡೆ ಬೆರಳಾಡಿಸಿದರು.

"ಯಾರು ಉಟ್ಕಂಡಿದ್ದು?"

"ನಾನು" ಅಂದೆ.

"ಇನ್ನೊಂದ್ಸಲ ಉಟ್ಕೊ ಮಗ."

ಮಂಗಳ ನನಗೆ ಸೀರೆ ಉಡಿಸಿದಳು. ಆ ಸಣ್ಣ ಪಡಸಾಲೆಯಲ್ಲಿ ನಾನು ರಾಣಿಯಂತೆ ಆಚೆಯಿಂದ ಈಚೆಗೆ ನಡೆದೆ. ಅವರು ಮಗ್ಗದಿಂದ ಎದ್ದು ಬಂದು ಗೋಡೆಗೆ ಒರಗಿ ನಿಂತು ನೋಡಿದರು.

"ನೇಯ್ತೀನಿ, ಮಡಚಿ ಕೊಡ್ತೀನಿ. ಯಾರು ಉಡ್ತಾರೋ, ಎಲ್ಲಿ ಉಡ್ತಾರೋ. ಉಟ್ಕಂಡು ನಡೆಯೋದ ಇವತ್ತೇ ಕಣವ್ವ ನಾನು ಸರ್‍ಯಾಗಿ ನೋಡಿದ್ದು" ಅಂದರು. ಆಮೇಲೆ ಮಗಳ ಕಡೆ ತಿರುಗಿ ಗಟ್ಟಿಯಾಗಿ, "ದಸರಾ ರಜ ಪೂರ್ತಿ ನೀನು ಮಗ್ಗ ಬುಟ್ಟು ಏಳಂಗಿಲ್ಲ. ಮದುವೆ ಮನೆಯೋರ್ಗೆ ಬೇರೆ ಸೀರೆ ಓಗ್ಬೇಕು" ಅಂದರು.

ಮಂಗಳ ಏಳಲಿಲ್ಲ. ನಾನೂ ಊರಿಗೆ ಹೋಗದೆ ಅವರ ಮನೆಯಲ್ಲೇ ಉಳಿದು ನೂಲು ಸುತ್ತಿಕೊಟ್ಟೆ. ಮದುವೆಯ ಸೀರೆ ಹೊತ್ತಿಗೆ ಸರಿಯಾಗಿ ಹೋಯಿತು. ಹರಿದದ್ದನ್ನು ಅವಳ ಅಪ್ಪ ಕಣ್ಣಿಗೆ ಕಾಣದಂತೆ ಕೂಡಿಸಿ ಶಾಲೆಗೇ ಕೊಟ್ಟರು. ಮುಂದಿನ ವರ್ಷದ ನಾಟಕಕ್ಕೆ ಅವರೂ ಬಂದರು.

ಹತ್ತನೇ ತರಗತಿ ಮುಗಿದ ಮೇಲೆ ಮಂಗಳ ಮಗ್ಗಕ್ಕೆ ಕೂತಳು, ನಾನು ಓದು ಮುಂದುವರಿಸಿ ಹನೂರಿನ ಶಾಲೆಯೊಂದರಲ್ಲಿ ಟೀಚರಾದೆ. ಪ್ರತಿ ವರ್ಷ ನಮ್ಮ ಶಾಲೆಯ ವಾರ್ಷಿಕೋತ್ಸವದ ನಾಟಕಕ್ಕೆ ಮಕ್ಕಳಿಗೆ ವೇಷ ಹಾಕಲು ಅವಳನ್ನು ಕರೆಸುತ್ತಿದ್ದೆ. ಅವಳು ಬಂದರೆ ನನ್ನ ತಲೆಭಾರವೆಲ್ಲ ಇಳಿಯುತ್ತಿತ್ತು. ಹೋದ ವರ್ಷ ಅದೇ ಕೆಲಸಕ್ಕೆ ಬಂದವಳು, ಬಣ್ಣದ ಡಬ್ಬಿಗಳ ಮುಚ್ಚಳ ಹಾಕುತ್ತಾ, "ಮುಂದಿನ ತಿಂಗಳು ಸೇಲಂಗೆ ಹೋಯ್ತಿದ್ದೀವಿ ಕಣೇ. ನಮ್ಮೆಜಮಾನ್ರಿಗೆ ಅಲ್ಲೇ ಕೆಲ್ಸ ಸಿಕ್ಕದೆ" ಅಂದಳು.

"ಮುಂದಿನ ವರ್ಷ ನಾನೇನ್ ಮಾಡ್ಲೇ?"

"ನೀನು ಯಾವಾಗ್ಲೂ ಮುಂದ್ಗಡೆ ಕೂತು ನಾಟ್ಕ ನೋಡ್ತೀಯ. ಮಕ್ಳು ಒಳಗಡೆ ಹೆದರ್ಕಂಡಿರ್ತವೆ. ಒಂದ್ಸಲ ಇಲ್ಲಿ ತೆರೆ ಹಿಂದೆ ನಿಂತ್ಕೊಂಡು ನೋಡು, ಆಮೇಲೆ ಮುಂದ್ಗಡೆ ಕೂರಕ್ಕೆ ಮನ್ಸೇ ಬರಲ್ಲ" ಅಂದು, ಬಸ್ಸು ಹಿಡಿಯಲು ಹೊರಟೇಬಿಟ್ಟಳು. ನಾನು ಅವಳನ್ನು ನೋಡಿದ್ದು ಅದೇ ಕೊನೆ. ಈಗೆಲ್ಲ ಫೋನಿನಲ್ಲೇ ಮಾತು.

ಈ ವರ್ಷದ ವಾರ್ಷಿಕೋತ್ಸವದಲ್ಲಿ ಮುಖ್ಯಗುರುಗಳ ಪಕ್ಕದಲ್ಲಿ ನನಗೊಂದು ಕುರ್ಚಿ ಹಾಕಿಸಿದ್ದರು. ನಾಟಕ ಮುಗಿಯುವವರೆಗೂ ಅದು ಖಾಲಿಯೇ ಇತ್ತು.