ಗೂಬೆ ಭಾವ ತೆಗೆದ ಚುಕ್ಕಿಗಳು

ನನ್ನ ಭಾವನಿಗೆ ಬೀದಿಯವರು ಇಟ್ಟ ಹೆಸರು ಗೂಬೆ. ಹಗಲೆಲ್ಲ ಸ್ಟುಡಿಯೋದಲ್ಲಿ ಕೂತು ಪಾಸ್‌ಪೋರ್ಟ್ ಅಳತೆಯ ಮುಖಗಳನ್ನು ತೆಗೆಯುವುದು, ಕತ್ತಲಾದರೆ ಕ್ಯಾಮೆರಾ, ಸ್ಟ್ಯಾಂಡು ಹೊತ್ತು ಸೇತುವೆ, ರೈಲುಹಳಿ, ಖಾಲಿ ಮಾರುಕಟ್ಟೆ ಅಂತ ಅಲೆಯುವುದು. ಹಿಂದೆಯೇ ಟಾರ್ಚು, ಚಹಾದ ಫ್ಲಾಸ್ಕು ಹಿಡಿದು ನನ್ನ ಅಕ್ಕ. "ನಿನಗಾದರೂ ಬುದ್ಧಿ ಬೇಡವೇನೇ?" ಅಂತ ನಾನು ಬೈದರೆ, "ಮನೇಲಿದ್ರೆ ಇವರು ಮಾತೇ ಆಡಲ್ಲ ಕಣೇ. ಅಲ್ಲಿ ಕ್ಯಾಮೆರಾ ಶಟರ್ ಮುಚ್ಚೋವರೆಗೂ ಬೇರೆ ಕೆಲಸ ಇರಲ್ಲ ನೋಡು, ಬಾಯಿ ಬಿಡ್ತಾರೆ," ಅನ್ನುತ್ತಿದ್ದಳು.

ಕತ್ತಲಲ್ಲಿ ಶಟರನ್ನು ಬಹಳ ಹೊತ್ತು ತೆರೆದಿಟ್ಟರೆ ಕ್ಯಾಮೆರಾ ಬಿಸಿಯಾಗಿ, ಇಲ್ಲದ ಬೆಳಕನ್ನು ತಾನೇ ಹುಟ್ಟಿಸಿಕೊಳ್ಳುತ್ತದಂತೆ. ಚಿತ್ರದ ತುಂಬ ಕೆಂಪು, ನೀಲಿ ಚುಕ್ಕಿ. ಸಾಲದ್ದಕ್ಕೆ ಮರಳು ಎರಚಿದ ಹಾಗೆ ಒರಟು. ಎರಡಕ್ಕೂ ಭಾವ ನಾಯ್ಸ್ ಅನ್ನುತ್ತಿದ್ದರು. ಚುಕ್ಕಿಗೆ ಒಂದು ಮದ್ದಿತ್ತು. ಚಿತ್ರ ತೆಗೆದ ಕೂಡಲೇ ಲೆನ್ಸಿಗೆ ಮುಚ್ಚಳ ಹಾಕಿ, ಅಷ್ಟೇ ಹೊತ್ತು ಬರೀ ಕತ್ತಲನ್ನು ಇನ್ನೊಂದು ಸಲ ತೆಗೆಯುವುದು. ಅದರಲ್ಲೂ ಅವೇ ಚುಕ್ಕಿಗಳು ಅದೇ ಜಾಗದಲ್ಲಿ ಬಂದಿರುತ್ತವೆ. ಆಮೇಲೆ ಕಂಪ್ಯೂಟರಿನಲ್ಲಿ ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಚುಕ್ಕಿ ಮಾಯ. ಮರಳನ್ನು ಮಾತ್ರ ಕೂತು ನಿಧಾನವಾಗಿ ನಯ ಮಾಡಬೇಕು. ಮುಚ್ಚಳ ಹಾಕುವ ಕೆಲಸ ಅಕ್ಕನದು.

ಹೋದ ವರ್ಷ ಅಕ್ಕ ತೀರಿಕೊಂಡಳು. ಜ್ವರ ಅಂತ ಮಲಗಿದವಳು ಮತ್ತೆ ಏಳಲಿಲ್ಲ. ಗೋಡೆಗೊಂದು ಫೋಟೋ ಬೇಕಲ್ಲ, ಹುಡುಕಿದರೆ ಮದುವೆಯದೊಂದೇ. ಅದರಲ್ಲಿದ್ದದ್ದು ತಲೆ ತಗ್ಗಿಸಿ ಕೂತ ಯಾವುದೋ ಎಳೆ ಹುಡುಗಿ. ಊರವರ ಮುಖವನ್ನೆಲ್ಲ ತೆಗೆದ ಮನುಷ್ಯ ಹೆಂಡತಿಯದನ್ನು ತೆಗೆದಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. "ಸೇತುವೆದು ಬೇಕಾದಷ್ಟಿದೆಯಲ್ಲ, ಅದನ್ನೇ ತಗಲಿಹಾಕಿ," ಅಂದುಬಿಟ್ಟೆ.

ಸ್ವಲ್ಪ ದಿನ ಕಳೆದ ಮೇಲೆ ಅವರೇ ಫೋನ್ ಮಾಡಿದರು. "ನಿಮ್ಮಕ್ಕ ಸಿಕ್ಕಿದ್ದಾಳೆ, ಬಾ." ಹಾಕಿಕೊಂಡಿದ್ದ ಬಟ್ಟೆಯಲ್ಲೇ ಓಡಿದೆ.

ಸಿಕ್ಕಿದ್ದು, ಅಳಿಸಲು ಮರೆತು ಉಳಿದಿದ್ದ, ಕೆಟ್ಟುಹೋದ ಒಂದು ಕತ್ತಲ ಚಿತ್ರದಲ್ಲಿ. ಸೇತುವೆಯ ಹತ್ತಿರ ಒಂದು ಸಲ ಅಕ್ಕ ಚಹಾ ಬಗ್ಗಿಸುತ್ತಿದ್ದಾಗ, ಮುಚ್ಚಳ ಹಾಕಿಯಾಗಿದೆ ಅಂದುಕೊಂಡು ಭಾವ ಗುಂಡಿ ಒತ್ತಿಬಿಟ್ಟಿದ್ದರು. ಅವಳು ಗಾಬರಿಯಾಗಿ ಟಾರ್ಚು ಹಿಡಿದೇ ಓಡಿಬಂದು, ಶಟರ್ ತೆರೆದಿರುವುದನ್ನು ಕಂಡು, ಅಲ್ಲೇ ಲೆನ್ಸಿನ ಮುಂದೆ ನಿಂತು ನಕ್ಕಿದ್ದಾಳೆ. ಟಾರ್ಚಿನ ಬೆಳಕು ಕೆಳಗಿನಿಂದ ಮುಖಕ್ಕೆ ಬಿದ್ದಿದೆ. ಮುಖದ ತುಂಬ ಚುಕ್ಕಿ, ಮರಳು. ಆದರೂ ಅವಳೇ. ಕಣ್ಣಿನ ಪಕ್ಕದ ಸುಕ್ಕು, ತುಟಿಯ ಕೆಳಗಿನ ಮಚ್ಚೆ, ನರೆತ ಮುಂಗೂದಲು. ನಾನು ಕಂಪ್ಯೂಟರಿನ ಪರದೆಯನ್ನು ಸವರಿಕೊಂಡು ಅತ್ತೆ.

"ಅವತ್ತು ಅವಳಿಗೆ ಬೈದಿದ್ದೆ ಕಣಮ್ಮ, ಒಂದು ಚಿತ್ರ ಹಾಳು ಮಾಡಿದೆ ಅಂತ," ಅಂದರು ಭಾವ. "ಈ ಕೊಳೆಯಲ್ಲಿ ಅವಳನ್ನ ಹೇಗೆ ತೂಗುಹಾಕೋದು? ಕ್ಲೀನ್ ಮಾಡಿ ಇಡ್ತೀನಿ, ನಾಳಿದ್ದು ಬಾ."

ನಾನು ಹೋಗುವಷ್ಟರಲ್ಲಿ ಫೋಟೋ ಕಟ್ಟು ಹಾಕಿಸಿಕೊಂಡು ಗೋಡೆಗೆ ಏರಿತ್ತು. ಕೆಳಗೆ ಭಾವ ನಿದ್ದೆಗೆಟ್ಟ ಕಣ್ಣಲ್ಲಿ ಕಾಯುತ್ತ ಕೂತಿದ್ದರು. ಒಂದು ಚುಕ್ಕಿ ಇಲ್ಲ, ಒಂದು ಕಣ ಮರಳಿಲ್ಲ. ಗೊಂಬೆಯ ಹಾಗೆ ನುಣುಪಾದ ಮುಖ. ಯಾರ ಮನೆಯ ಹೆಂಗಸೋ ನಗುತ್ತಿದ್ದಳು.

"ಮಚ್ಚೆ ಎಲ್ಲಿ ಭಾವ?"

"ಯಾವ ಮಚ್ಚೆ?"

ಅಂದವರೇ ಎದ್ದು ಫೋಟೋದ ಹತ್ತಿರ ಹೋದರು. ನೋಡಿದರು. ಇಷ್ಟು ವರ್ಷ ಕಪ್ಪು ಚುಕ್ಕಿ, ಕೆಂಪು ಚುಕ್ಕಿ ಅಂತ ಒರೆಸಿ ಪಳಗಿದ ಕೈ, ಅದನ್ನೂ ಒರೆಸಿತ್ತು.

"ಮೊದಲಿನದು ಇದೆಯಲ್ಲ, ಅದನ್ನೇ ಪ್ರಿಂಟ್ ಹಾಕಿ."

"ಇಲ್ಲ. ಅದರ ಮೇಲೇ ಸೇವ್ ಮಾಡ್ದೆ. ಕೊಳೆ ಇರೋದನ್ನ ನಾನು ಇಟ್ಕೊಳಲ್ವಲ್ಲ."

ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡಬೇಕು ಅನ್ನಿಸಿತು. ಅಷ್ಟರಲ್ಲಿ ಅವರು ಹಳೇ ಫೋಟೋ ತಿದ್ದುವ ಸಣ್ಣ ಬ್ರಷ್ಷು, ಕಪ್ಪು ಬಣ್ಣ ಹುಡುಕಿ ತಂದರು. ಕಟ್ಟು ಬಿಚ್ಚಿ ಚಿತ್ರವನ್ನು ಮೇಜಿನ ಮೇಲೆ ಇಟ್ಟುಕೊಂಡರು. ಬ್ರಷ್ಷು ತುಟಿಯ ಕೆಳಗೆ ಬಂದು ನಿಂತಿತು. ಅತ್ತ ಹೋಯಿತು, ಇತ್ತ ಬಂತು.

"ಯಾವ ಕಡೆ ಇತ್ತಮ್ಮ?" ಅಂದರು, ತಲೆ ಎತ್ತದೆ.

ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಜೀವನವಿಡೀ ಜೊತೆಗಿದ್ದವಳ ಮುಖ ಈ ಮನುಷ್ಯನಿಗೆ ಗೊತ್ತಿರಲಿಲ್ಲ. ಅದು ಅವರಿಗೂ ಆ ಕ್ಷಣದಲ್ಲೇ ಗೊತ್ತಾಗಿತ್ತು. ಪಾಪ ಅನ್ನಿಸಿತು. ಬೆರಳನ್ನು ನನ್ನ ತುಟಿಯ ಕೆಳಗೆ, ಎಡಕ್ಕೆ ಇಟ್ಟು ತೋರಿಸಿದೆ. ಅವರು ನನ್ನ ಬೆರಳನ್ನೇ ಬಹಳ ಹೊತ್ತು ನೋಡಿ, ಚಿತ್ರಕ್ಕೆ ಚುಕ್ಕಿ ಇಟ್ಟರು.

ಬಂದವರೆಲ್ಲ ಒಳ್ಳೇ ಫೋಟೋ ಅನ್ನುತ್ತಾರೆ. ಭಾವ ಅತ್ತ ನೋಡುವುದಿಲ್ಲ. ಯಾಕೆ ಅಂತ ನಾನೊಮ್ಮೆ ಕೇಳಿದ್ದಕ್ಕೆ, "ಅದು ಅವಳ ಮಚ್ಚೆ ಅಲ್ಲ ಕಣಮ್ಮ, ನಾನಿಟ್ಟ ಚುಕ್ಕಿ," ಅಂದರು. ಈಗ ರಾತ್ರಿ ಕ್ಯಾಮೆರಾ ಹೊತ್ತು ಹೋಗುವುದನ್ನೂ ಬಿಟ್ಟಿದ್ದಾರೆ. ಮುಚ್ಚಳ ಹಾಕುವವರಿಲ್ಲ ಅನ್ನುತ್ತಾರೆ.